ಕೊಳ್ಳೇಗಾಲ ಸೀಮೆಯ ಕಾಳುಕಡ್ಡಿ

ನಮ್ಮ ಕಡೆಯಲ್ಲಿ ಇಬ್ಬರು ಬೇಸಾಯಗಾರರು ಸಂಧಿಸಿದರೆ, ಕ್ಷೇಮಸಮಾಚಾರವಾದ ಕೂಡಲೇ ‘ಈ ವರ್ಷ ಕಾಳುಕಡ್ಡಿ ಹೇಗೆ?’ ಎಂದು ಕೇಳುವುದು ವಾಡಿಕೆ. ಫಸಲು ಹೇಗೆ ಬಂದಿತೆಂಬುದು ಆ ಪ್ರಶ್ನೆಯ ಅರ್ಥ. ಮೂವತ್ತೈದು ವರ್ಷಗಳ ಕಾಲ ಮಕ್ಕಳಿಗೆ ಸಮಾಸಪ್ರಕರಣವನ್ನು ಬೋಧಿಸಿದ ನಾನು ಈ ಜೋಡುಮಾತನ್ನು ದ್ವಂದ್ವಸಮಾಸದ ಉದಾಹರಣೆಯಾಗಿ ಎಷ್ಟು ಸಲ ಕರಿಹಲಗೆಯ ಮೇಲೆ ಬರೆದೆನೋ ಲೆಕ್ಕವಿಲ್ಲ. ಕಾಳು ಮನುಷ್ಯರ ಪಾಲು, ಕಡ್ಡಿ ದನಗಳ ಪಾಲು, ಎರಡೂ ಮನೆಗೆ ಬಂದರೇ ಬೆಳೆ ಬಂದಂತೆ ಎಂಬ ತಾತ್ಪರ್ಯವು ಆ ಮಾತಿನ ಹೊಟ್ಟೆಯಲ್ಲಿಯೇ ಇದ್ದಿತು. ಅದು ನನಗೆ ಚೆನ್ನಾಗಿ ಮನದಟ್ಟಾದದ್ದು ಮಾತ್ರ ನಿವೃತ್ತನಾದ ಮೇಲೆ, 2025ರ ಕಾರ್ತಿಕಮಾಸದಲ್ಲಿ ಹನೂರು ಯಳಂದೂರುಗಳ ಕಡೆಗೆ ಮಾಡಿದ ಎರಡು ದಿನಗಳ ಒಂದು ಸಣ್ಣ ಪ್ರಯಾಣದಲ್ಲಿ.

ಪ್ರಯಾಣಕ್ಕೆ ಕಾರಣವಾದದ್ದು ಒಂದು ಮನೆವಾರ್ತೆಯ ವ್ಯಾಜ್ಯ. ಹನೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿದ್ದಾನೆ. ಬೆಂಗಳೂರಿನ ಕಾರ್ಖಾನೆಯ ಕೆಲಸವನ್ನು ಬಿಟ್ಟು ಬಂದು, ತಂದೆಯ ಕಾಲದ ಮೂರು ಎಕರೆ ಖುಷ್ಕಿಯನ್ನು ಸಾಗುಮಾಡುತ್ತ, ಎರಡು ಹಸುಗಳನ್ನೂ ನಲವತ್ತು ನಾಟಿಕೋಳಿಗಳನ್ನೂ ಸಾಕಿಕೊಂಡಿದ್ದಾನೆ. ಅವನು ಒಂದು ದಿನ ದೂರವಾಣಿಯಲ್ಲಿ, ‘ಮೇಷ್ಟ್ರೇ, ಹಸುಗಳಿಗೆ ಹಾಕಲು ರಾಗಿಯನ್ನು ನುಚ್ಚುಮಾಡಿಸೋಣವೆಂದು ಗಿರಣಿಗೆ ಹೊರಟರೆ ನಮ್ಮವ್ವ ಮೂಟೆಯ ಮೇಲೆಯೇ ಕುಳಿತುಬಿಟ್ಟಳು. ಅಂಗಡಿಯ ಮೇವಿನ ಬೆಲೆಯನ್ನು ನಾನು ತಾಳಲಾರೆ. ನೀವು ಬಂದು ಒಂದು ಮಾತು ಹೇಳಬೇಕು’ ಎಂದನು. ವ್ಯಾಕರಣದ ಸಂದೇಹವಾಗಿದ್ದರೆ ನಾನು ಅಲ್ಲಿಯೇ ಪರಿಹರಿಸುತ್ತಿದ್ದೆನು. ಇದು ದನದ ವಿಷಯ. ಆದುದರಿಂದ ಬಹುಕಾಲ ಪಶುವೈದ್ಯರಾಗಿದ್ದು ನನ್ನಂತೆಯೇ ನಿವೃತ್ತರಾಗಿರುವ ಸ್ನೇಹಿತರೊಬ್ಬರನ್ನು ಜೊತೆಗೆ ಕರೆದುಕೊಂಡು ಕೊಳ್ಳೇಗಾಲದಿಂದ ಹೊರಟೆನು.

ಕಹೋಳ, ಗಾಲವರೆಂಬ ಋಷಿಗಳ ಹೆಸರಿನಿಂದ ಕೊಳ್ಳೇಗಾಲವೆಂಬ ಹೆಸರು ಬಂದಿತೆಂದು ಸ್ಥಳಪುರಾಣವು ಹೇಳುತ್ತದೆ. ರಾಜ್ಯಗಳ ಪುನರ್ವಿಂಗಡಣೆಯಾದ 1956ರವರೆಗೆ ಈ ತಾಲ್ಲೂಕು ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಯಳಂದೂರಾದರೋ ಮೈಸೂರು ಸಂಸ್ಥಾನದೊಳಗೆ, ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಊರು. 1997ರಲ್ಲಿ ಚಾಮರಾಜನಗರವು ಜಿಲ್ಲೆಯಾದಾಗ ಎರಡೂ ಅದರೊಳಗೆ ಬಂದುವು. ಹನೂರು ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚಿನ ಮಾತು. ಆಳಿದವರು ಬೇರೆಬೇರೆಯಾದರೂ ಹೊಲದ ಕ್ರಮ ಒಂದೇ. ನೀರಿರುವ ತಗ್ಗಿನಲ್ಲಿ ಭತ್ತ, ಕಬ್ಬು, ಹಿಪ್ಪುನೇರಳೆ. ಬೆಟ್ಟದ ಬುಡದ ಕೆಂಪುಮಣ್ಣಿನಲ್ಲಿ ರಾಗಿ, ಜೋಳ, ಸಜ್ಜೆ, ಸಾಮೆ, ನವಣೆ. ಅವುಗಳ ನಡುವೆ ಅಕ್ಕಡಿಸಾಲಾಗಿ ಅವರೆ, ತೊಗರಿ, ಹುಚ್ಚೆಳ್ಳು. ರೇಷ್ಮೆಯ ಊರಾದ ಕೊಳ್ಳೇಗಾಲದಲ್ಲಿ ಹುಳು ತಿಂದು ಬಿಟ್ಟ ಹಿಪ್ಪುನೇರಳೆಯ ಸೊಪ್ಪು ಕೂಡ ದನದ ಗೊಂತಿಗೆ ಹೋಗುತ್ತದೆ. ಏನನ್ನೂ ಎಸೆಯುವ ಪದ್ಧತಿಯಿಲ್ಲ.

ಬೆಳಗಿನ ಬಸ್ಸಿನಲ್ಲಿ ಮಧುವನಹಳ್ಳಿ, ಕಾಮಗೆರೆಗಳನ್ನು ದಾಟಿ ಪೂರ್ವಾಭಿಮುಖವಾಗಿ ಸಾಗಿದೆವು. ನಾನು ಬಾಲಕನಾಗಿದ್ದಾಗ ಕಾರ್ತಿಕದಲ್ಲಿ ಈ ದಾರಿಯ ಇಕ್ಕೆಲಗಳಲ್ಲಿ ರಾಗಿಯ ತೆನೆಗಳು ಬಾಗಿ ನಿಂತಿರುತ್ತಿದ್ದುವು. ಈಗಲೂ ಅಲ್ಲಲ್ಲಿ ರಾಗಿಯುಂಟು. ಆದರೆ ಬಹಳ ಹೊಲಗಳಲ್ಲಿ ಮುಸುಕಿನ ಜೋಳವನ್ನು ಮುರಿಯುತ್ತಿದ್ದರು. ‘ಬೆಳೆದವರು ಇದನ್ನು ಉಣ್ಣುವುದು ಕಡಿಮೆ. ಬಹುಭಾಗವು ಲಾರಿಯೇರಿ ಮೇವಿನ ಕಾರ್ಖಾನೆಗಳಿಗೆ ಹೋಗುತ್ತದೆ. ಅದೇ ಮತ್ತೆ ಚೀಲದಲ್ಲಿ ತುಂಬಿ ಇದೇ ಊರುಗಳಿಗೆ ಮಾರಾಟಕ್ಕೆ ಬರುತ್ತದೆ’ ಎಂದು ಸ್ನೇಹಿತರು ನಕ್ಕರು.

ಪ್ರಾಣಿಗಳಿಗೆ ಧಾನ್ಯವನ್ನಿಕ್ಕುವುದು ಹೊಸ ಸಂಗತಿಯಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಎತ್ತಿಗೆ ಹುಲ್ಲೆಷ್ಟು, ಹಿಂಡಿಯೆಷ್ಟು, ತೌಡೆಷ್ಟು, ಉಪ್ಪೆಷ್ಟು ಎಂದು ತೂಕಹಾಕಿ ವಿಧಿಸಿದ್ದಾನೆ. ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕದಲ್ಲಿ, ಗಂಡನ ಮನೆಗೆ ಹೊರಟ ಶಕುಂತಲೆಯ ಸೆರಗನ್ನು ಹಿಡಿದೆಳೆಯುವ ಜಿಂಕೆಯು ಅವಳು ಶ್ಯಾಮಾಕದ ಹಿಡಿಗಾಳುಗಳನ್ನು ತಿನ್ನಿಸಿ ಬೆಳೆಸಿದ ತಬ್ಬಲಿ ಮರಿ. ಶ್ಯಾಮಾಕವು ನಮ್ಮ ಸಾಮೆಯ ಬಳಗದ ಕಾಳು. ಈ ಬಳಗಕ್ಕೆಲ್ಲ ನಿಘಂಟುಕಾರರು ತೃಣಧಾನ್ಯವೆಂಬ ಹೆಸರನ್ನಿಟ್ಟರು. ವೈದ್ಯಗ್ರಂಥಗಳಲ್ಲಿ ಕುಧಾನ್ಯವೆಂಬ ಹೀನಾಯದ ಹೆಸರೂ ಉಂಟು. ಈಗ ಅವೇ ಸಿರಿಧಾನ್ಯಗಳಾಗಿವೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಇವುಗಳ ವರ್ಷವೆಂದೇ ಸಾರಿತು. ಹೆಸರು ಏರಿದಂತೆ ಬೆಲೆಯೂ ಏರಿತು. ಶಿಷ್ಯನ ಮನೆಯ ವ್ಯಾಜ್ಯಕ್ಕೆ ಮೂಲವೂ ಅದೇ ಆಗಿದ್ದಿತು.

ಮನೆಯನ್ನು ಮುಟ್ಟಿದಾಗ ಆ ತಾಯಿಯು ನೀರು ಬೆಲ್ಲವನ್ನು ಕೊಟ್ಟು ಕುಳ್ಳಿರಿಸಿ, ನಾವು ಬಾಯಿ ತೆರೆಯುವ ಮೊದಲೇ, ‘ಬುದ್ಧಿ, ನೀವೇ ಹೇಳಿ. ರಾಗಿಯೆಂದರೆ ನಮ್ಮ ಹೊಟ್ಟೆಯ ಹಿಟ್ಟು. ಬರ ಬಂದಾಗ ಹಗೇವಿನಲ್ಲಿದ್ದ ರಾಗಿಯೇ ನಮ್ಮನ್ನು ಉಳಿಸಿದ್ದು. ಅದನ್ನು ದನದ ಮುಂದೆ ಸುರಿದರೆ ಮಾದಪ್ಪ ಮೆಚ್ಚಿಯಾನೇ?’ ಎಂದಳು. ಮಗನು, ‘ಹಸು ಹಾಲು ಕೊಡಬೇಡವೇ ಅವ್ವ? ಬರಿಯ ಹುಲ್ಲಿಗೆ ಎಷ್ಟು ಕೊಟ್ಟೀತು?’ ಎಂದನು.

ನನ್ನ ಸ್ನೇಹಿತರು ಕಾಗದವನ್ನು ತೆಗೆದು ಲೆಕ್ಕ ಹಾಕಿದರು. 2025-26ನೆಯ ಸಾಲಿಗೆ ಸರ್ಕಾರವು ಗೊತ್ತುಮಾಡಿದ ಬೆಂಬಲಬೆಲೆಯು ಕ್ವಿಂಟಾಲಿಗೆ ರಾಗಿಗೆ 4886 ರೂಪಾಯಿ, ಸಜ್ಜೆಗೆ 2775 ರೂಪಾಯಿ, ಮುಸುಕಿನ ಜೋಳಕ್ಕೆ 2400 ರೂಪಾಯಿ. ‘ಪೇಟೆಯಲ್ಲಿ ಏರಿಳಿತಗಳಿರಲಿ, ಈ ಲೆಕ್ಕದಲ್ಲಿ ಒಂದು ಮೂಟೆ ರಾಗಿಯನ್ನು ಮಾರಿದರೆ ಎರಡು ಮೂಟೆ ಮುಸುಕಿನ ಜೋಳ ಬರುತ್ತದೆ. ರಾಗಿಯಲ್ಲಿ ಸುಣ್ಣದಂಶ ಹೆಚ್ಚೆಂಬುದು ನಿಜ. ಆದರೆ ಹಸುವಿಗೆ ಅದನ್ನು ಖನಿಜದ ಪುಡಿಯಿಂದ ಕೊಡುವುದು ಸುಲಭ. ಒಳ್ಳೆಯ ರಾಗಿಯನ್ನು ಹಸುವಿಗೆ ಹಾಕುವುದು ಬೆಳ್ಳಿಯ ಕೊಳಗದಲ್ಲಿ ತೌಡನ್ನು ಅಳೆದಂತೆ. ನಿಮ್ಮ ತಾಯಿಯೇ ಗೆದ್ದರು’ ಎಂದರು. ಮುದುಕಿಯ ಮುಖವು ಅರಳಿತು.

‘ಆದರೆ ಮಗನೂ ಸೋತಿಲ್ಲ’ ಎಂದು ಅವರು ಮುಂದುವರಿಸಿದರು. ‘ಕಾಳು ಬೇಡವೆಂದಲ್ಲ, ಯಾವ ಕಾಳು, ಎಷ್ಟು, ಹೇಗೆ ಎಂಬುದೇ ಪ್ರಶ್ನೆ. ಕಣದಲ್ಲಿ ತೂರಿ ಉಳಿದ ಅರೆಜೊಳ್ಳು, ಒನೆದು ತೆಗೆದ ನುಚ್ಚು, ಸಜ್ಜೆ, ಜೋಳ, ಇವು ಹಸುವಿಗೆ ಆಗುತ್ತವೆ. ಇಡಿಯ ಕಾಳನ್ನು ಹಾಕಿದರೆ ಅರ್ಧ ಸಗಣಿಯಲ್ಲಿಯೇ ಹೊರಬೀಳುತ್ತದೆ; ತರಿಯಾಗಿ ಒಡೆಸಬೇಕು. ಮೂರು ಪಾಲು ಮಾಡಿ, ಒಂದು ಪಾಲು ಕಾಳಿನ ತರಿ, ಒಂದು ಪಾಲು ಹಿಂಡಿ, ಒಂದು ಪಾಲು ಬೂಸ. ಅದರ ಮೇಲೆ ನೂರಕ್ಕೆ ಎರಡರಷ್ಟು ಖನಿಜದ ಪುಡಿ, ಒಂದರಷ್ಟು ಉಪ್ಪು. ಹಸುವಿನ ಮೈಗೆ ಒಂದೂವರೆ ಕಿಲೋ, ಮೇಲೆ ಎರಡೂವರೆ ಲೀಟರ್ ಹಾಲಿಗೊಂದು ಕಿಲೋ, ಇದು ಸ್ಥೂಲವಾದ ಲೆಕ್ಕ.’ ಕರುಹಾಕಿದ ಹಸುವಿಗೆ ನಾಲ್ಕು ದಿನ ರಾಗಿಯ ಗಂಜಿಯನ್ನು ಬೆಲ್ಲದೊಡನೆ ಕುಡಿಸುವ ಹಳೆಯ ಪದ್ಧತಿಗೆ ಅವರು ಅಡ್ಡಿ ಹೇಳಲಿಲ್ಲ.

ಕೋಳಿಗಳ ಸರದಿ ಬಂದಿತು. ನಮ್ಮ ಮನೆಯಲ್ಲಿ ಕೋಳಿ ಸಾಕುವ ವಾಡಿಕೆಯಿಲ್ಲ. ಆದುದರಿಂದ ನಾನು ವಿದ್ಯಾರ್ಥಿಯಂತೆ ಕೇಳಿದೆನು. ಕೋಳಿಗೆ ಹಲ್ಲಿಲ್ಲ, ಅದು ನುಂಗಿದ ಸಣ್ಣ ಹರಳುಗಳೇ ಹೊಟ್ಟೆಯೊಳಗೆ ಬೀಸುವ ಕಲ್ಲಾಗಿ ಕಾಳನ್ನು ಅರೆಯುತ್ತವೆ. ಕಾರ್ಖಾನೆಯ ಮೇವಿನಲ್ಲಿರುವ ಮುಸುಕಿನ ಜೋಳದಲ್ಲಿ ಅರ್ಧವನ್ನು ತೆಗೆದು ಸಜ್ಜೆಯನ್ನು ಸೇರಿಸಿದರೂ ಮೊಟ್ಟೆ ಕಡಿಮೆಯಾಗದು. ನೂರು ಭಾಗ ಸಜ್ಜೆಯಲ್ಲಿ ಪುಷ್ಟಿಯ ಸತ್ತ್ವವಾದ ಪ್ರೋಟೀನು ಸುಮಾರು ಹನ್ನೊಂದು, ಮುಸುಕಿನ ಜೋಳದಲ್ಲಿ ಸುಮಾರು ಒಂಬತ್ತು, ರಾಗಿಯಲ್ಲಿ ಸುಮಾರು ಏಳು. ಸಜ್ಜೆಯಲ್ಲಿ ಹಳದಿಯ ಬಣ್ಣ ಕಡಿಮೆಯಾದುದರಿಂದ ಮೊಟ್ಟೆಯ ಭಂಡಾರವು ಬಿಳಚಿಕೊಳ್ಳುತ್ತದೆ. ನುಗ್ಗೆ ಅಗಸೆಗಳ ಸೊಪ್ಪನ್ನು ಹೆಚ್ಚಿ ಹಾಕಿದರೆ ಅದು ಸರಿಹೋಗುತ್ತದೆ. ಸಾಮೆ, ನವಣೆಗಳ ನುಚ್ಚು ಎಳೆಯ ಮರಿಗಳಿಗೆ ಹಿತ. ಸಿಪ್ಪೆಯೊಡನೆ ಹಾಕಿದರೆ ನಾರೇ ಹೆಚ್ಚು. ‘ರಾಗಿ ತಿಂದರೆ ಕೋಳಿಯ ಮೊಟ್ಟೆಯ ಚಿಪ್ಪು ಗಟ್ಟಿಯಾಗುವುದಲ್ಲವೇ?’ ಎಂದು ಶಿಷ್ಯನು ಕೇಳಿದನು. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಸುಣ್ಣದಂಶ. ನೂರು ಗ್ರಾಂ ರಾಗಿಯಲ್ಲಿರುವುದು ಒಂದು ಗ್ರಾಮಿನ ಮೂರನೆಯ ಒಂದು ಪಾಲು. ‘ಚಿಪ್ಪಿನ ಪುಡಿಯನ್ನು ಬೇರೆ ಇಡಲೇಬೇಕು’ ಎಂದು ವೈದ್ಯರು ತೀರ್ಪುಕೊಟ್ಟರು.

ಒಂದು ಎಚ್ಚರಿಕೆಯನ್ನು ಅವರು ಎರಡೆರಡು ಸಲ ಹೇಳಿದರು: ಬೂಷ್ಟು ಹಿಡಿದ ಕಾಳನ್ನು, ಮನುಷ್ಯರಿಗಾಗದೆಂದು ಕೋಳಿಗೆ ಹಾಕಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿಕೋಳಿಗಳು ಕಾರಣ ತಿಳಿಯದೆ ಸತ್ತುವು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯೇ ಕಾರಣವೆಂದು ಆಮೇಲೆ ತಿಳಿದು, ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರಾಯಿತು. ಮಳೆಯಲ್ಲಿ ನೆನೆದು ಸರಿಯಾಗಿ ಒಣಗದ ಮುಸುಕಿನ ಜೋಳದಲ್ಲಿಯೂ ಅದೇ ವಿಷವು ಹುಟ್ಟುತ್ತದೆ.

ಊಟವಾದಮೇಲೆ ಹಿತ್ತಲ ಕಡೆಗೆ ಹೋದೆವು. ಒಂದು ತುಂಡು ನೆಲದಲ್ಲಿ ಜೋಳವನ್ನು ಕೊಯ್ದಿದ್ದರು. ಬುಡದಿಂದ ಹಸುರಾದ ಕೂಳೆಚಿಗುರು ಮೊಳಕಾಲಿನೆತ್ತರಕ್ಕೆ ಬಂದಿದ್ದಿತು. ಹಗ್ಗವನ್ನು ಬಿಗಿದು ಅತ್ತ ಕಡೆಗೆ ಕತ್ತನ್ನು ಚಾಚಿದ್ದ ಕಡಸನ್ನು ಕಂಡು ನನ್ನ ಎದೆ ಝಲ್ಲೆಂದಿತು. ನಾನು ಓಡಿಹೋಗಿ ಅದನ್ನು ಹಿಂದಕ್ಕೆಳೆದು ಕಟ್ಟಿದೆನು. ಶಿಷ್ಯನು ಬೆರಗಾಗಿ ನೋಡಿದನು. ಅವನಿಗೆ ನಾನು ಶಾಲೆಯಲ್ಲಿ ಎಂದೂ ಹೇಳದಿದ್ದ ಒಂದು ಪಾಠವನ್ನು ಅಲ್ಲಿ ಹೇಳಬೇಕಾಯಿತು.

ನನಗೆ ಆಗ ಹನ್ನೊಂದು ವರ್ಷ, 1976ನೆಯ ಇಸವಿ. ನಮ್ಮೂರಿನಲ್ಲಿ ಮಳೆ ಹಿಂದುಳಿದಿದ್ದಿತು. ಹುಲ್ಲಿನ ಮೆದೆಯು ಕರಗಿ ತಳದ ಕಲ್ಲುಗಳು ಕಾಣುತ್ತಿದ್ದುವು. ಕೊಟ್ಟಿಗೆಯಲ್ಲಿದ್ದುದು ಒಂದೇ ಕರೆಯುವ ಹಸು. ನಮ್ಮ ಮಜ್ಜಿಗೆಯೂ ತಂಗಿಯ ಹಾಲೂ ಅದರಿಂದಲೇ. ಅದರ ಪಕ್ಕೆಲುಬುಗಳನ್ನು ನೋಡಲಾರದೆ, ಯಾರಿಗೂ ಹೇಳದೆ, ಮಧ್ಯಾಹ್ನ ಅದನ್ನು ಬಿಚ್ಚಿಕೊಂಡು ಹೋಗಿ ಜೋಳದ ಕೂಳೆಯಲ್ಲಿ ಬಿಟ್ಟೆನು. ಬಿಸಿಲಿಗೆ ಬಾಡಿ ಸುರುಟಿದ್ದ ಎಲೆಗಳನ್ನು ಅದು ಆತುರದಿಂದ ಮೇಯಿತು. ಅದು ತಿನ್ನುವುದನ್ನು ನೋಡುತ್ತ ನನಗೆಷ್ಟು ಸಂತೋಷವಾಗಿದ್ದಿತೆಂದರೆ ಇಂದಿಗೂ ಆ ಸಂತೋಷವನ್ನು ನೆನೆಯಲು ನಾಚಿಕೆಯಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ಏದುಸಿರು ಬಂದಿತು, ಕಾಲುಗಳು ನಡುಗಿದುವು, ಬಾಯಲ್ಲಿ ನೊರೆ ಬಂದು ಹಸು ಕುಸಿದುಬಿದ್ದಿತು. ನಾನು ಅಪ್ಪನನ್ನು ಕರೆತರುವುದರೊಳಗೆ ಎಲ್ಲವೂ ಮುಗಿದಿದ್ದಿತು. ಅಪ್ಪನು ನನ್ನನ್ನು ಹೊಡೆಯಲಿಲ್ಲ. ‘ಮೆದೆಯಲ್ಲಿ ಹುಲ್ಲಿದ್ದಿದ್ದರೆ ಹುಡುಗನೇಕೆ ಅಲ್ಲಿಗೆ ಹೋಗುತ್ತಿದ್ದ?’ ಎಂದಷ್ಟೇ ಅವ್ವನಿಗೆ ಹೇಳಿದನು.

ಎಳೆಯ ಜೋಳದ ಎಲೆಯನ್ನು ದನವು ಅಗಿದಾಗ ಹೈಡ್ರೊಸಯಾನಿಕ್ ಆಮ್ಲವೆಂಬ ಕಡುವಿಷವು ಹುಟ್ಟುತ್ತದೆಂದು ಸ್ನೇಹಿತರು ವಿವರಿಸಿದರು. ಮೊಳಕಾಲೆತ್ತರದ ಪೈರಿನಲ್ಲಿಯೂ ಕೂಳೆಯಲ್ಲಿಯೂ, ಅದರಲ್ಲಿಯೂ ಮಳೆಯಿಲ್ಲದೆ ಬಾಡಿದಾಗ, ಅದು ಹೆಚ್ಚು. ಹೂವಾಗಿ ತೆನೆಬಲಿತ ಮೇಲೆ ಕಡಿಮೆಯಾಗುತ್ತದೆ. ಚೆನ್ನಾಗಿ ಒಣಗಿದ ಸಪ್ಪೆಯಿಂದ ಭಯವಿಲ್ಲ. ಪಶುವೈದ್ಯರಲ್ಲಿ ಇದಕ್ಕೆ ಚುಚ್ಚುಮದ್ದುಂಟು. ಆದರೆ ಅದು ನಿಮಿಷಗಳ ಲೆಕ್ಕದ ಮಾತು. ರಾಗಿ, ಜೋಳಗಳೆಲ್ಲ ದನಕ್ಕೆ ಒಳ್ಳೆಯವೆಂದು ಕೇಳಿದ ಗೃಹಸ್ಥರು ಈ ಒಂದು ಸಂಗತಿಯನ್ನು ಮರೆಯದಿರಲೆಂದು ನನ್ನ ಮನೆಯ ದುಃಖವನ್ನು ಇಲ್ಲಿ ಬರೆದೆನು.

ಸಂಜೆ ಊರಾಚೆಗೆ ತಿರುಗಾಡಲು ಹೋದಾಗ ಕಾಡಂಚಿನಿಂದ ದನಗಳು ಹಿಂದಿರುಗುತ್ತಿದ್ದುವು. ಈ ಬೆಟ್ಟಗಳ ಸೀಮೆಯು ಒಂದು ಕಾಲಕ್ಕೆ ದನಗಳ ತವರು. ಕಾವೇರಿಯ ದಡದ ಆಲಂಬಾಡಿಯ ಹೆಸರನ್ನು ಪಡೆದ ಎತ್ತುಗಳೂ, ನೆರೆಯ ಬರಗೂರು ಬೆಟ್ಟದ ಬಿಳಿಮಚ್ಚೆಯ ಕಂದುಬಣ್ಣದ ದನಗಳೂ ಕಾಡಿನ ದೊಡ್ಡಿಗಳಲ್ಲಿ ಬೆಳೆದು ಬಯಲುಸೀಮೆಗೆ ಮಾರಾಟವಾಗುತ್ತಿದ್ದುವು. ಈಗ ಆ ಕಾಡುಗಳು ವನ್ಯಜೀವಿಧಾಮಗಳು: ಕಾವೇರಿಯದು 1987ರಲ್ಲಿ, ಮಲೆಮಹದೇಶ್ವರ ಬೆಟ್ಟದ್ದು 2013ರಲ್ಲಿ ಆಯಿತು. ಇದೇ ತಾಲ್ಲೂಕಿನ ಹೂಗ್ಯಂ ವಲಯದಲ್ಲಿ 2025ರ ಜೂನ್ ತಿಂಗಳಿನಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುಬಿದ್ದುವು. ಹುಲಿಯು ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷವನ್ನಿಟ್ಟದ್ದೇ ಕಾರಣವೆಂದು ತನಿಖೆಯಿಂದ ಹೊರಪಟ್ಟಿತು. ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಸೀಮೆಯಲ್ಲಿ ಹೀಗಾಯಿತೆಂದು ಕೇಳಿ ಮರುಗದವರಿಲ್ಲ. ಅದಾದ ಮೇಲೆ ಕಾಡಿನಲ್ಲಿ ದನ ಮೇಯಿಸುವುದನ್ನು ನಿಲ್ಲಿಸಲು ಸರ್ಕಾರವು ಮುಂದಾಯಿತು.

ವಿಷವನ್ನಿಕ್ಕಿದ್ದು ಮಹಾಪಾತಕವೇ, ಅದಕ್ಕೆ ಸಮಾಧಾನ ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಹಸು ಕಾಡಿಗೇಕೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಕೇಳದೆ ಇರಲಾಗದು. ಅಪ್ಪನ ಮಾತು ನನ್ನ ಕಿವಿಯಲ್ಲಿ ಮೊಳಗಿತು. ಮೆದೆಯಲ್ಲಿ ಹುಲ್ಲಿಲ್ಲದ ಮನೆಯ ಹಸು ಎಲ್ಲಿಗೋ ಹೋಗಲೇಬೇಕು. ರಾಗಿಯ ಹುಲ್ಲು ಮೃದುವಾಗಿದ್ದು ಭತ್ತದ ಹುಲ್ಲಿಗಿಂತ ಚೆನ್ನಾಗಿ ಜೀರ್ಣವಾಗುತ್ತದೆ. ಮೆದೆಯನ್ನು ಸರಿಯಾಗಿ ಒಟ್ಟಿದರೆ ವರ್ಷವೆಲ್ಲ ಕೆಡದೆ ಇರುತ್ತದೆ. ಮುಸುಕಿನ ಜೋಳದ ದಂಟನ್ನು ಯಂತ್ರದಿಂದ ಕತ್ತರಿಸಿ ಕೊಡದಿದ್ದರೆ ಹಸುವು ಎಲೆಯನ್ನು ತಿಂದು ದಂಟನ್ನು ಬಿಡುತ್ತದೆ. ಒಂದು ಎಕರೆಯ ಲಾಭವನ್ನು ಎಣಿಸುವಾಗ ಕಾಳಿನ ಹಣವನ್ನಷ್ಟೇ ಎಣಿಸಿ, ಕಡ್ಡಿಯನ್ನು ಬಿಟ್ಟುಬಿಟ್ಟರೆ, ಆ ಬಿಟ್ಟ ಲೆಕ್ಕವನ್ನು ಬೇರೆ ಯಾರೋ ತೆರುತ್ತಾರೆ: ಒಮ್ಮೆ ಹಸು, ಒಮ್ಮೆ ಹುಲಿ. ಶಿಷ್ಯನು ಇದನ್ನೆಲ್ಲ ಕೇಳುತ್ತ ಬಹಳ ಹೊತ್ತು ಮಾತಾಡಲಿಲ್ಲ.

ಮರುದಿನ ಕೊಳ್ಳೇಗಾಲದ ಮೇಲೆ ಹಾದು ಯಳಂದೂರಿನ ನನ್ನ ತಂಗಿಯ ಮನೆಗೆ ಬಂದೆವು. ಸುವರ್ಣಾವತಿಯ ನೀರುಂಡ ಈ ಊರಿನ ಸುತ್ತ ಗದ್ದೆಗಳು. ದೂರದಲ್ಲಿ ಬಿಳಿಗಿರಿರಂಗನ ಬೆಟ್ಟ. ಗೌರೀಶ್ವರನ ಗುಡಿಯ ಬಳೆಮಂಟಪದಲ್ಲಿ ಕಲ್ಲಿನಲ್ಲಿಯೇ ಕೊರೆದ ಬಳೆಗಳ ಸರಪಣಿಯನ್ನು ನೋಡಿದೆವು. ಗೃಹಿಣಿಯರ ಧರ್ಮವನ್ನು ಕಾವ್ಯವಾಗಿ ಬರೆದ ಸಂಚಿಯ ಹೊನ್ನಮ್ಮ ಹುಟ್ಟಿದ್ದು ಇದೇ ಊರಿನಲ್ಲಿ. ಕೊಟ್ಟಿಗೆಯ ವಿಚಾರವನ್ನು ಮನೆಯ ಹೆಂಗಸರೊಡನೆ ಆಡಲು ಇದಕ್ಕಿಂತ ಒಳ್ಳೆಯ ಸ್ಥಳವೆಲ್ಲಿ?

ತಂಗಿಯ ಮನೆಯಲ್ಲಿ ಭತ್ತದ ಹುಲ್ಲು ಬೇಕಾದಷ್ಟಿದೆ; ಆದರೂ ಅವಳು ವರ್ಷಕ್ಕೊಮ್ಮೆ ಮೇಲಿನ ಊರುಗಳಿಂದ ಒಂದು ಗಾಡಿ ರಾಗಿಹುಲ್ಲನ್ನು ಕೊಳ್ಳುತ್ತಾಳೆ. ‘ಎರಡನ್ನೂ ಬೆರೆಸಿ ಹಾಕಿದರೆ ಹಾಲು ನಿಲ್ಲುವುದಿಲ್ಲ ಅಣ್ಣಯ್ಯ’ ಎಂದಳು. ನೆರೆಮನೆಯಲ್ಲಿ ಹಿಂದಿನ ವರ್ಷ ನಾಮಕರಣದ ಮರುದಿನ ಮಿಕ್ಕ ಅನ್ನವನ್ನೂ ಹಿಟ್ಟನ್ನೂ ಒಂದು ಕುಕ್ಕೆ ತುಂಬ ಹಸುವಿನ ಮುಂದಿಟ್ಟರಂತೆ; ರಾತ್ರಿಯೇ ಹೊಟ್ಟೆಯುಬ್ಬಿ ಅದು ಮಲಗಿಬಿಟ್ಟಿತಂತೆ. ಒಮ್ಮೆಗೇ ಹೆಚ್ಚು ಕಾಳಾಗಲಿ ಅನ್ನವಾಗಲಿ ಬಿದ್ದರೆ ಹಸುವಿನ ಹೊಟ್ಟೆಯೊಳಗೆ ಹುಳಿಯೆದ್ದು ಪ್ರಾಣಕ್ಕೇ ಕುತ್ತೆಂದೂ, ಕಾಳನ್ನು ರೂಢಿಮಾಡಿಸುವಾಗ ದಿನಕ್ಕೆ ಒಂದೊಂದು ಹಿಡಿಯಂತೆ ಏರಿಸಬೇಕೆಂದೂ ವೈದ್ಯರು ಹೇಳಿದರು. ಪ್ರೀತಿಯಿಂದ ಕೊಟ್ಟದ್ದೂ ಅಳತೆ ತಪ್ಪಿದರೆ ವಿಷವೇ.

ಹಾರಕವನ್ನು ದನಕ್ಕೆ ಹಾಕಬಹುದೇ ಎಂದು ತಂಗಿ ಕೇಳಿದಳು. ಒಣಗಿದ ಒಳ್ಳೆಯ ಕಾಳಿನಿಂದ ಭಯವಿಲ್ಲ. ಆದರೆ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಹಾರಕವು ಸೊಕ್ಕೇರಿಸುತ್ತದೆ. ಸಂಸ್ಕೃತದಲ್ಲಿ ಅದು ಕೋದ್ರವ. ಅದರ ಮದಶಕ್ತಿಯನ್ನು ಜೈನಶಾಸ್ತ್ರಕಾರರು ದೃಷ್ಟಾಂತವಾಗಿಯೇ ಬಳಸಿದ್ದಾರೆ. 2024ರ ಅಕ್ಟೋಬರ್ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಡದಲ್ಲಿ ಇಂತಹ ಹಾರಕದ ಬೆಳೆಯನ್ನು ಮೆಯ್ದು ಹತ್ತು ಕಾಡಾನೆಗಳು ಸತ್ತುವೆಂದಾಗ, ಶಾಸ್ತ್ರದ ದೃಷ್ಟಾಂತವು ಕಣ್ಣೆದುರಿಗೇ ಬಂದು ನಿಂತಿತು.

ಹಿಂದಿರುಗುವ ಬಸ್ಸಿನಲ್ಲಿ ತೃಣಧಾನ್ಯವೆಂಬ ಪದವು ಮತ್ತೆ ಮನಸ್ಸಿನಲ್ಲಿ ಸುಳಿಯಿತು. ಶಬ್ದಾರ್ಥವು ಹುಲ್ಲಿನ ಧಾನ್ಯವೆಂದು. ಆದರೆ ಅದರಲ್ಲಿ ತೃಣವೂ ಇದೆ, ಧಾನ್ಯವೂ ಇದೆ. ಸಂಸ್ಕೃತದವರು ತೃಣಧಾನ್ಯವೆಂದರು, ನಮ್ಮ ರೈತರು ಕಾಳುಕಡ್ಡಿಯೆಂದರು. ಪಟ್ಟಣದ ಅಂಗಡಿಯಲ್ಲಿ ಸಿರಿಧಾನ್ಯವನ್ನು ಕೊಳ್ಳುವವರು ಕಾಳನ್ನಷ್ಟೇ ಕಾಣುತ್ತಾರೆ; ಅದು ಅವರ ತಪ್ಪಲ್ಲ. ಬೆಳೆಯುವವರು ಕಡ್ಡಿಯನ್ನು ಮರೆಯಬಾರದು. ಕಾಳು ಮನೆಗೆ, ಕಡ್ಡಿ ದನಕ್ಕೆ, ನುಚ್ಚು ಕೋಳಿಗೆ ಎಂಬ ಪಾಲು ಸರಿಯಾಗಿದ್ದರೆ ಗೊಂತಿನ ಹಸುವಿಗೆ ಕಾಡಿನ ದಾರಿ ಬೇಕಾಗದು.

ಮಾರ್ಗಶಿರದ ಕೊನೆಯಲ್ಲಿ ಶಿಷ್ಯನು ಮತ್ತೆ ದೂರವಾಣಿಯಲ್ಲಿ ಮಾತಾಡಿದನು. ಕಣ ಮುಗಿಯಿತಂತೆ. ಮನೆಗೆ ಬೇಕಾದ ರಾಗಿಯನ್ನು ಇಟ್ಟುಕೊಂಡು ಉಳಿದುದನ್ನು ಮಾರಿದನಂತೆ. ಹುಲ್ಲನ್ನು ಆಳೆತ್ತರಕ್ಕೆ ಮೆದೆ ಒಟ್ಟಿದ್ದಾನೆ. ಜೋಳದ ಕೂಳೆಯನ್ನು ಅಂದೇ ಉತ್ತುಬಿಟ್ಟನಂತೆ. ‘ಅವ್ವ ಹೇಗಿದ್ದಾಳೆ?’ ಎಂದು ಕೇಳಿದೆನು.

‘ಚೆನ್ನಾಗಿದ್ದಾಳೆ ಮೇಷ್ಟ್ರೇ. ಬೆಳಗಾಗೆದ್ದು ಕೋಳಿಮರಿಗಳಿಗೆ ಒಂದು ಹಿಡಿ ಸಾಮೆಯನ್ನು ತಾನೇ ಚೆಲ್ಲುತ್ತಾಳೆ. ನುಚ್ಚಲ್ಲ, ಒಳ್ಳೆಯ ಸಾಮೆಯಕ್ಕಿ! ಕೇಳಿದರೆ, ಅದಕ್ಕೆ ಮಾತ್ರ ಲೆಕ್ಕ ಕೇಳಬೇಡ ಎನ್ನುತ್ತಾಳೆ’ ಎಂದು ಅವನು ನಕ್ಕನು. ನಾನೂ ಲೆಕ್ಕ ಕೇಳಲಿಲ್ಲ.